ನರನೋವಿಗೆ ಬೆಚ್ಚನೆಯ ನೀರು: ಅಳತೆ ಹೇಳಿ, ಜಿಲ್ಲಾಸ್ಪತ್ರೆಗಳಲ್ಲಿ ಕೊಳ ಕಟ್ಟಿ

ಮಾನ್ಯ ಸಂಪಾದಕರೆ,

ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ಹಾಳಾಗಿ ರಾತ್ರಿಯೆಲ್ಲ ಅಂಗಾಲು ಉರಿಯುವವರಿಗೆ, ಸರ್ಪಸುತ್ತಿನ ಗುಳ್ಳೆ ಮಾಯ್ದು ತಿಂಗಳುಗಳು ಕಳೆದರೂ ಪಕ್ಕೆಯ ನೋವು ಬಿಡದವರಿಗೆ, ಸೊಂಟದಿಂದ ಹಿಮ್ಮಡಿಯವರೆಗೆ ನರ ಸೆಳೆಯುವವರಿಗೆ ಬಿಸಿನೀರಿನ ಚಿಕಿತ್ಸೆ ಮಾಡಿಕೊಳ್ಳಿ ಎಂಬ ಸಲಹೆ ಈಗ ಎಲ್ಲ ಕಡೆಯಿಂದಲೂ ಬರುತ್ತಿದೆ. ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ ಅದು ಅಚ್ಚಾಗುತ್ತದೆ, ಮೊಬೈಲಿಗೆ ವಿಡಿಯೊ ಆಗಿ ಬರುತ್ತದೆ, ನೆರೆಮನೆಯವರ ಬಾಯಲ್ಲೂ ಬರುತ್ತದೆ. ಆ ಸಲಹೆಯಲ್ಲಿ ಹುರುಳಿದೆ ಎಂಬುದನ್ನು, ಸರ್ಕಾರಿ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತಳಾಗಿರುವ ನಾನು ಮೊದಲೇ ಹೇಳಿಬಿಡುತ್ತೇನೆ. ಆದರೆ ನೀರು ಎಷ್ಟು ಬೆಚ್ಚಗಿರಬೇಕು, ಎಷ್ಟು ಹೊತ್ತು ಇರಬೇಕು, ಯಾರಿಗೆ ಬೇಡ ಎಂಬ ಮಾತುಗಳಿಲ್ಲದೆ ಹೊರಡುವ ಸಲಹೆ ಒಬ್ಬರಿಗೆ ನಿದ್ದೆ ಕೊಟ್ಟರೆ ಇನ್ನೊಬ್ಬರ ಪಾದವನ್ನೇ ಕಸಿದುಕೊಳ್ಳಬಹುದು. ಅಲ್ಲದೆ, ಈ ಚಿಕಿತ್ಸೆಯನ್ನು ಕ್ರಮವಾಗಿ ಕೊಡಬಲ್ಲ ಬೆಚ್ಚನೆಯ ನೀರಿನ ಕೊಳ ಬಡವರು ಮತ್ತು ಮಧ್ಯಮ ವರ್ಗದವರು ಹೋಗುವ ಆಸ್ಪತ್ರೆಗಳಲ್ಲಿ ತೀರಾ ವಿರಳ. ಈ ಎರಡು ಸಂಗತಿಗಳ ಬಗ್ಗೆ ಬರೆಯಲು ತಮ್ಮ ಪತ್ರಿಕೆಯಲ್ಲಿ ಎಂದಿಗಿಂತ ಸ್ವಲ್ಪ ಹೆಚ್ಚು ಜಾಗ ಕೋರುತ್ತೇನೆ.

ಗಾಯದ ನೋವಿಗೂ ನರದ ನೋವಿಗೂ ವ್ಯತ್ಯಾಸವಿದೆ. ಬೆರಳು ಕೊಯ್ದುಕೊಂಡಾಗ ಬರುವ ನೋವು ಬೆರಳಿಗೆ ಏನೋ ಆಗಿದೆ ಎಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತದೆ. ಗಾಯ ಮಾಯುತ್ತಿದ್ದಂತೆ ಸುದ್ದಿಯೂ ನಿಲ್ಲುತ್ತದೆ. ನರನೋವಿನಲ್ಲಿ ಸುದ್ದಿ ಒಯ್ಯುವ ತಂತುವೇ ಕೆಟ್ಟಿರುತ್ತದೆ. ಪಾದಕ್ಕೆ ಏನೂ ಆಗದಿದ್ದರೂ ಬೆಂಕಿ ಬಿದ್ದಿದೆ ಎಂಬ ಸುದ್ದಿ ಹೋಗುತ್ತಲೇ ಇರುತ್ತದೆ. ಬಂದವರೆಲ್ಲ ಅದನ್ನು ತಮ್ಮ ತಮ್ಮ ಮಾತಿನಲ್ಲಿ ಹೇಳುತ್ತಿದ್ದರು: ಜೋಮು ಹಿಡಿದಂತೆ, ಇರುವೆ ಹರಿದಂತೆ, ಸೂಜಿಯಲ್ಲಿ ಚುಚ್ಚಿದಂತೆ, ಮೆಣಸಿನಕಾಯಿ ಅರೆದು ಹಚ್ಚಿದಂತೆ, ಕರೆಂಟು ಹೊಡೆದಂತೆ. ಹಗಲು ಕೆಲಸದ ನಡುವೆ ಹೇಗೋ ಮರೆತಿರುವ ಉರಿ ರಾತ್ರಿ ದೀಪ ಆರಿಸಿದ ಮೇಲೆ ಏಳುತ್ತದೆ, ಹೊದ್ದ ಚಾದರ ಕಾಲಿಗೆ ತಾಗಿದರೂ ಸಹಿಸಲಾಗುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ ಸುಮಾರು 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ಕಾಯಿಲೆ ಬಂದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ವರ್ಷಗಳು ಉರುಳಿದಂತೆ ಒಂದಲ್ಲ ಒಂದು ಬಗೆಯ ನರಹಾನಿ ಆಗುತ್ತದೆ ಎಂಬುದು ವೈದ್ಯರಿಗೆ ತಿಳಿದ ವಿಷಯ. ಎಲ್ಲರಿಗೂ ನೋವಿರುವುದಿಲ್ಲ, ಕೆಲವರಿಗೆ ಬರೀ ಮರಗಟ್ಟುವಿಕೆ ಇರುತ್ತದೆ, ಕೆಲವರಿಗೆ ಎರಡೂ ಇರುತ್ತವೆ. ಎರಡೂ ಇರುವವರ ಬಗ್ಗೆಯೇ ನನ್ನ ಹೆಚ್ಚಿನ ಚಿಂತೆ.

ಈ ನೋವಿಗೆ ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥ ಮಾಮೂಲಿ ಮಾತ್ರೆಗಳು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಅಮಿಟ್ರಿಪ್ಟಿಲಿನ್, ಡ್ಯುಲೊಕ್ಸೆಟಿನ್, ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಮುಂತಾದವನ್ನು ವೈದ್ಯರು ಕೊಡುತ್ತಾರೆ. ಅವುಗಳಿಂದ ಉಪಕಾರವಾದವರು ಬಹಳ ಮಂದಿ ಇದ್ದಾರೆ, ನಿಲ್ಲಿಸಬೇಕೆಂದು ನಾನು ಎಂದೂ ಹೇಳಲಾರೆ. ಆದರೆ ತೂಕಡಿಕೆ, ತಲೆಸುತ್ತು, ಬಾಯಿ ಒಣಗುವುದು, ಕಾಲು ಊದಿಕೊಳ್ಳುವುದು ಮುಂತಾದ ತೊಂದರೆಗಳಿಂದ ವಯಸ್ಸಾದವರು ಪೂರ್ತಿ ಪ್ರಮಾಣದಲ್ಲಿ ಅವನ್ನು ತೆಗೆದುಕೊಳ್ಳಲಾಗದೆ ಅರ್ಧ ಆರಾಮ, ಅರ್ಧ ನೋವಿನಲ್ಲಿ ದಿನ ದೂಡುತ್ತಾರೆ. ನಡೆದರೆ ನೋವು ಎಂದು ನಡೆಯುವುದನ್ನು ಬಿಡುತ್ತಾರೆ, ಬಿಟ್ಟದ್ದರಿಂದ ಸ್ನಾಯು ಸೊರಗುತ್ತದೆ, ಸಕ್ಕರೆ ಏರುತ್ತದೆ, ಸಮತೋಲ ತಪ್ಪುತ್ತದೆ, ಬಚ್ಚಲಲ್ಲೋ ಮೆಟ್ಟಿಲಲ್ಲೋ ಬೀಳುತ್ತಾರೆ. ಈ ಸುಳಿಯಿಂದ ಅವರನ್ನು ಹೊರತರಲು ಬೆಚ್ಚನೆಯ ನೀರಿನಲ್ಲಿ ಮಾಡಿಸುವ ವ್ಯಾಯಾಮದಷ್ಟು ಸೌಮ್ಯವಾದ ದಾರಿಯನ್ನು ನನ್ನ ವೃತ್ತಿಯಲ್ಲಿ ನಾನು ಬೇರೆ ಕಂಡಿಲ್ಲ.

ನೀರು ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಬಿಸಿ ಎಂಬ ಒಂದೇ ಗುಣದ ಮೇಲೆ ಎಲ್ಲರ ಕಣ್ಣಿದೆ. ಸೊಂಟದವರೆಗೆ ನೀರಿನಲ್ಲಿ ನಿಂತಾಗ ಕಾಲುಗಳ ಮೇಲೆ ಬೀಳುವುದು ದೇಹದ ತೂಕದ ಅರ್ಧದಷ್ಟು ಮಾತ್ರ. ಎದೆಯವರೆಗೆ ಬಂದರೆ ಸುಮಾರು ಮೂರನೇ ಒಂದು ಭಾಗ, ಕುತ್ತಿಗೆಯವರೆಗೆ ಮುಳುಗಿದರೆ ಹತ್ತನೇ ಒಂದು ಭಾಗ. ನೆಲದ ಮೇಲೆ ನಾಲ್ಕು ಹೆಜ್ಜೆ ಇಡಲು ಅಂಜುವ ಪಾದ ಅಲ್ಲಿ ಅಂಜಿಕೆಯಿಲ್ಲದೆ ನಡೆಯುತ್ತದೆ. ನೀರು ಎಲ್ಲ ಕಡೆಯಿಂದ ಒತ್ತುತ್ತದೆ, 1.2 ಮೀಟರ್ ಆಳದಲ್ಲಿ ಪಾದದ ಮೇಲೆ ಬೀಳುವ ಒತ್ತಡ 88 ಮಿಲಿಮೀಟರ್ ಪಾದರಸಕ್ಕೆ ಸಮ, ಬಿಗಿಯಾದ ಕಾಲುಚೀಲಕ್ಕಿಂತ ಅದು ಹೆಚ್ಚು. ಇದರಿಂದ ಕಣಕಾಲಿನ ಊತ ಇಳಿಯುತ್ತದೆ. ಕೈಕಾಲು ಆಡಿಸಿದಾಗ ನೀರು ಮೆಲ್ಲನೆ ತಡೆಯುತ್ತದೆ, ಜೋರು ಮಾಡಿದಷ್ಟೂ ತಡೆ ಹೆಚ್ಚುತ್ತದೆ. ಹೀಗಾಗಿ ತೂಕ ಎತ್ತದೆಯೇ ಸ್ನಾಯುವಿಗೆ ಬಲ ಬರುತ್ತದೆ. ಎಡವಿದರೂ ನೀರು ಹಿಡಿದುಕೊಳ್ಳುವುದರಿಂದ ಬೀಳುವ ಭಯವಿಲ್ಲದೆ ಸಮತೋಲವನ್ನು ಮತ್ತೆ ಕಲಿಯಬಹುದು. ಇವಿಷ್ಟರ ಜೊತೆಗೆ ಶಾಖ ಸೇರಿ ಬಿಗಿದುಕೊಂಡ ಸ್ನಾಯುಗಳನ್ನು ಸಡಿಲಿಸುತ್ತದೆ, ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ.

ತರಬೇತಿಗೆಂದು ಹೋಗಿದ್ದ ಒಂದು ಚಿಕಿತ್ಸಾ ಕೊಳದಲ್ಲಿ ಕಂಡದ್ದು ಇದು. ಸೊಂಟದಿಂದ ಕಾಲಿಗೆ ನರ ಸೆಳೆಯುವ ಸಯಾಟಿಕಾದಿಂದ ಬಲಗಾಲು ಊರಲಾಗದೆ ಬಂದಿದ್ದ ಬಸ್ ಚಾಲಕರೊಬ್ಬರು ಸ್ಟೀಲ್ ಕಂಬಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಇಳಿಜಾರಿನಲ್ಲಿ ಒಂದೊಂದೇ ಹೆಜ್ಜೆ ಇಳಿದರು. ನೀರು ಮಂಡಿಗೆ ಬಂದಾಗಲೂ ಮುಖ ಕಿವುಚಿಕೊಂಡೇ ಇತ್ತು, ಹೊಕ್ಕಳು ದಾಟಿದಾಗ ಭುಜಗಳು ಕೆಳಗಿಳಿದವು, ಎದೆಗೆ ಬರುವಷ್ಟರಲ್ಲಿ ಕಂಬಿಯ ಮೇಲಿನ ಒಂದು ಕೈ ತಾನಾಗಿಯೇ ಬಿಟ್ಟುಕೊಂಡಿತು. ಆಮೇಲೆ ಅವರು ಕೊಳದ ಈ ಬದಿಯಿಂದ ಆ ಬದಿಗೆ ಮೊದಲು ಮುಂದಕ್ಕೆ, ನಂತರ ಅಡ್ಡಡ್ಡಕ್ಕೆ, ಕೊನೆಗೆ ಹಿಂದಕ್ಕೆ ನಡೆದರು. ಹೊರಗೆ ಬಂದಾಗ ನೋವು ಪೂರ್ತಿ ಹೋಗಿರಲಿಲ್ಲ, ಹಾಗೆಂದು ಅವರೂ ಹೇಳಲಿಲ್ಲ. ಆದರೆ ಕಾಲು ಊರಿ ನಿಲ್ಲಬಹುದು ಎಂಬುದು ಅವರ ದೇಹಕ್ಕೆ ಗೊತ್ತಾಗಿತ್ತು, ಮುಂದಿನ ವಾರಗಳ ವ್ಯಾಯಾಮವೆಲ್ಲ ಆ ತಿಳಿವಳಿಕೆಯ ಮೇಲೆಯೇ ನಿಂತಿತು.

ಶಾಖ ನೋವನ್ನು ತಗ್ಗಿಸುವುದಕ್ಕೆ ವಿಜ್ಞಾನದಲ್ಲಿ ವಿವರಣೆ ಇದೆ. ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಒಂದು ಬಾಗಿಲಿನಂಥ ಏರ್ಪಾಟು ಇದೆ, ಸ್ಪರ್ಶದ ಸುದ್ದಿ ಆ ಬಾಗಿಲನ್ನು ಅರೆಬರೆ ಮುಚ್ಚಬಲ್ಲದು ಎಂದು ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಸೂಚಿಸಿದರು. ಮಂಡಿ ತಗುಲಿಸಿಕೊಂಡ ಮಗುವಿನ ಮಂಡಿಯನ್ನು ತಾಯಿ ಉಜ್ಜುವುದರಲ್ಲಿ ಇರುವ ಗುಟ್ಟೂ ಅದೇ. ಮೈಯೆಲ್ಲ ನೀರಿನಲ್ಲಿರುವಾಗ ಚರ್ಮದ ಉದ್ದಗಲಕ್ಕೂ ಒತ್ತಡ, ಹರಿವು ಮತ್ತು ಬೆಚ್ಚಗಿನ ಸ್ಪರ್ಶದ ಸುದ್ದಿ ಒಟ್ಟಿಗೆ ಹೊರಡುತ್ತದೆ. ಆದರೆ ಇದೇ ವಿಜ್ಞಾನ ಎಚ್ಚರಿಕೆಯನ್ನೂ ಕೊಡುತ್ತದೆ. ಮೆಣಸಿನಕಾಯಿಯ ಖಾರವನ್ನು ಗುರುತಿಸುವ ನರತುದಿಯ ಬಾಗಿಲೊಂದನ್ನು ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ಪತ್ತೆಮಾಡಿತು, ಆ ಸಾಲಿನ ಸಂಶೋಧನೆಗೆ 2021ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಟ್ರಿಪ್‌ವಿ-1 ಎಂದು ಕರೆಯುವ ಆ ಬಾಗಿಲು ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿನ ಶಾಖಕ್ಕೂ ತೆರೆದುಕೊಳ್ಳುತ್ತದೆ. ಅಂದರೆ ಹಾಯೆನಿಸುವ ಬೆಚ್ಚಗಿಗೂ ನೋಯಿಸುವ ಬಿಸಿಗೂ ನಡುವೆ ಇರುವುದು ಕೆಲವೇ ಡಿಗ್ರಿಗಳ ಅಂತರ. ನರಕ್ಕೆ ಪೆಟ್ಟಾಗಿ ಕೆರಳಿದವರಲ್ಲಿ ಈ ಬಾಗಿಲು ಇನ್ನೂ ಕಡಿಮೆ ಶಾಖಕ್ಕೇ ತೆರೆದುಕೊಳ್ಳಬಹುದು. ಅಂಗಾಲು ಉರಿ ಇರುವ ಕೆಲವರು ಬಿಸಿನೀರು ಮುಟ್ಟಿದರೆ ಉರಿ ಇಮ್ಮಡಿಯಾಗುತ್ತದೆ, ತಣ್ಣನೆಯ ನೆಲದ ಮೇಲೆ ಕಾಲಿಟ್ಟರೆ ಹಿತ ಎನ್ನುತ್ತಾರಲ್ಲ, ಅದು ಭ್ರಮೆಯಲ್ಲ. ಅಂಥವರನ್ನು ಬಲವಂತವಾಗಿ ಬಿಸಿನೀರಿಗೆ ಇಳಿಸಬಾರದು.

ಬಿಸಿನೀರಿನ ವಿಷಯದಲ್ಲಿ ಕನ್ನಡ ನಾಡಿನವರಿಗೆ ಯಾರೂ ಹೊಸದಾಗಿ ಪಾಠ ಹೇಳಬೇಕಾಗಿಲ್ಲ. ಬಚ್ಚಲೊಲೆಗೆ ಸೌದೆ ಇಟ್ಟು ಹಂಡೆ ಕಾಯಿಸಿ, ಮೈಗೆ ಎಣ್ಣೆ ತಿಕ್ಕಿ, ತಂಬಿಗೆ ತಂಬಿಗೆಯಾಗಿ ಬೆನ್ನ ಮೇಲೆ ಹೊಯ್ಯುವ ಅಭ್ಯಂಜನ ನಮ್ಮದು. ಬಾಣಂತಿಗೆ ನೀರು ಹಾಕುವುದೇ ಒಂದು ವಿದ್ಯೆ, ಅದಕ್ಕೆಂದೇ ಊರಿನಲ್ಲಿ ಕೈ ಪಳಗಿದ ಹೆಂಗಸರಿರುತ್ತಿದ್ದರು. ಲಕ್ಕಿ ಸೊಪ್ಪನ್ನೋ ಹುಣಸೆ ಸೊಪ್ಪನ್ನೋ ಹಾಕಿ ಕುದಿಸಿದ ನೀರಿನಿಂದ ಕೀಲಿಗೆ ಶಾಖ ಕೊಡುವುದು ಈಗಲೂ ಇದೆ. ಇದರಲ್ಲಿ ಎಷ್ಟೋ ಒಳ್ಳೆಯದಿದೆ. ಆದರೆ ಆ ಪದ್ಧತಿ ರೂಢಿಯಾದದ್ದು ಕಾಲಿಗೆ ಸ್ಪರ್ಶಜ್ಞಾನ ಇರುವವರ ನಡುವೆ. ನೀರು ಹೆಚ್ಚು ಬಿಸಿಯಾದರೆ ಅವರು ಕೂಗಿಕೊಳ್ಳುತ್ತಾರೆ, ಕಾಲು ತೆಗೆಯುತ್ತಾರೆ, ತಣ್ಣೀರು ಬೆರೆಸು ಎನ್ನುತ್ತಾರೆ. ಸಕ್ಕರೆ ಕಾಯಿಲೆಯ ಪಾದ ಕೂಗಿಕೊಳ್ಳುವುದಿಲ್ಲ. ಒಳಗೆ ಉರಿಯುತ್ತಿದ್ದರೂ ಹೊರಗಿನ ಬಿಸಿ ಅದಕ್ಕೆ ತಿಳಿಯುವುದಿಲ್ಲ. ನೋವಿರುವ ಪಾದಕ್ಕೆ ಸ್ಪರ್ಶ ಚೆನ್ನಾಗಿಯೇ ತಿಳಿಯುತ್ತದೆ ಎಂದು ಮನೆಯವರೂ ರೋಗಿಯೂ ನಂಬಿರುತ್ತಾರೆ, ಅಪಾಯ ಇರುವುದು ಅಲ್ಲೇ.

ನಮ್ಮ ವಿಭಾಗಕ್ಕೆ ಬಂದಿದ್ದ ವಯಸ್ಸಾದ ತಾಯಿಯೊಬ್ಬರ ಎರಡೂ ಪಾದಗಳಲ್ಲಿ ಕಣಕಾಲಿನ ಸುತ್ತ ಗೆರೆ ಎಳೆದಂತೆ ಒಂದು ಮಟ್ಟದವರೆಗೆ ಚರ್ಮ ಕೆಂಪಾಗಿ, ಬೆರಳುಗಳ ಮೇಲೆ ಬೊಬ್ಬೆ ಎದ್ದಿತ್ತು. ಕಲ್ಲುಪ್ಪು ಹಾಕಿದ ಬಿಸಿನೀರಿನ ಟಬ್ಬಿನಲ್ಲಿ ಧಾರಾವಾಹಿ ಮುಗಿಯುವವರೆಗೆ ಕಾಲಿಟ್ಟು ಕೂತಿದ್ದರಂತೆ. “ಬೆಚ್ಚಗೇ ಇತ್ತಮ್ಮ, ಸುಡಲೇ ಇಲ್ಲ” ಎಂದರು. ಅವರು ಸುಳ್ಳಾಡುತ್ತಿರಲಿಲ್ಲ. ಕಣ್ಣು ಮುಚ್ಚಿಸಿ, 10 ಗ್ರಾಂ ಬಲಕ್ಕೆ ಬಾಗುವ ನೈಲಾನ್ ಎಳೆಯನ್ನು ಹೆಬ್ಬೆರಳಿನ ತಳಕ್ಕೆ ಒತ್ತಿ ಹಿಡಿದು ಗೊತ್ತಾಯಿತೇ ಎಂದು ಕೇಳಿದರೆ, “ಇನ್ನೂ ಮುಟ್ಟಲಿಲ್ಲವಲ್ಲ” ಎಂದು ಕಾಯುತ್ತ ಕೂತಿದ್ದರು. ಆ ಎಳೆ ತಿಳಿಯದಿದ್ದರೆ ಪಾದಕ್ಕೆ ಕಾವಲು ಇಲ್ಲವೆಂದೇ ಅರ್ಥ. ಗುಳ್ಳೆ ಹುಣ್ಣಾಗುತ್ತದೆ, ಹುಣ್ಣಿಗೆ ಸೋಂಕು ತಗಲುತ್ತದೆ, ರಕ್ತಸಂಚಾರ ಕಡಿಮೆ ಇರುವಲ್ಲಿ ಅದು ಮಾಯದೆ ಬೆರಳನ್ನೋ ಕಾಲನ್ನೋ ತೆಗೆಯುವ ಹಂತಕ್ಕೆ ಹೋಗುತ್ತದೆ. 1946ರಿಂದ ವೆಲ್ಲೂರಿನಲ್ಲಿ ಕುಷ್ಠರೋಗಿಗಳ ನಡುವೆ ಕೆಲಸ ಮಾಡಿದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಅವರು ನಮಗೆಲ್ಲ ಕಲಿಸಿದ್ದು ಇದನ್ನೇ: ಆ ರೋಗಿಗಳ ಕೈಬೆರಳು ಕಾಲ್ಬೆರಳು ಸವೆದುಹೋಗುವುದಕ್ಕೆ ಮುಖ್ಯ ಕಾರಣ ನೋವು ತಿಳಿಯದೆ ಆಗುವ ಸುಟ್ಟಗಾಯ ಮತ್ತು ಪೆಟ್ಟುಗಳು. ಕುಷ್ಠರೋಗ ಚಿಕಿತ್ಸೆಯಲ್ಲಿ ಇಂದಿಗೂ ಪಾದವನ್ನು ನೀರಿನಲ್ಲಿ ನೆನೆಸಿ ಒಡಕು ಚರ್ಮವನ್ನು ಮೆದು ಮಾಡಿ ಎಣ್ಣೆ ಹಚ್ಚಲು ಹೇಳಿಕೊಡುತ್ತಾರೆ, ಆದರೆ ಆ ನೀರು ಕಾಯಿಸದ ನೀರು.

ಆದ್ದರಿಂದ ಅಳತೆಯ ಮಾತು. ಚಿಕಿತ್ಸಾ ಕೊಳದ ನೀರನ್ನು ಸಾಮಾನ್ಯವಾಗಿ 33ರಿಂದ 36 ಡಿಗ್ರಿಯ ನಡುವೆ ಇಡುತ್ತಾರೆ. ನಮ್ಮ ಮೈಯ ಒಳಗಿನ ಶಾಖ 37ರ ಆಸುಪಾಸು ಇರುವುದರಿಂದ ಈ ನೀರು ಮುಟ್ಟಿದಾಗ ಬಿಸಿ ಎನಿಸುವುದೇ ಇಲ್ಲ, ಉಗುರು ಬೆಚ್ಚಗೆ ಎನ್ನುತ್ತೇವಲ್ಲ ಅಷ್ಟೇ. ಬಿಸಿ ಸಾಲದು ಎಂದು ಬಹಳ ಮಂದಿ ಮೊದಲ ದಿನ ಗೊಣಗುತ್ತಾರೆ. ಇಪ್ಪತ್ತು ನಿಮಿಷ ಕಳೆದ ಮೇಲೆ ಗೊಣಗುವುದಿಲ್ಲ. ಪಾದ ಮರಗಟ್ಟಿರುವವರು ಕಾಲು ತೊಳೆಯುವ ನೀರು 37 ಡಿಗ್ರಿಗಿಂತ ಕೆಳಗೇ ಇರಬೇಕು, ಕಾಲನ್ನು ಬಹಳ ಹೊತ್ತು ನೆನೆಸಿಡಬಾರದು, ಬಿಸಿನೀರಿನ ಚೀಲವನ್ನೋ ಹೀಟರನ್ನೋ ಪಾದಕ್ಕೆ ಇಟ್ಟುಕೊಳ್ಳಬಾರದು, ತೊಳೆದ ಮೇಲೆ ಬೆರಳ ಸಂದುಗಳನ್ನು ಒಣಬಟ್ಟೆಯಿಂದ ಒರೆಸಬೇಕು ಎಂಬುದು ಸಕ್ಕರೆ ಕಾಯಿಲೆಯ ಪಾದದ ಬಗ್ಗೆ ಜಗತ್ತಿನಾದ್ಯಂತ ತಜ್ಞರು ಒಪ್ಪಿಕೊಂಡಿರುವ ಮಾತು. ಇದಕ್ಕೆ ವಿರುದ್ಧವಾಗಿ ನಮ್ಮ ಮನೆಗಳ ನೀರು ಎಷ್ಟು ಬಿಸಿ ಇರುತ್ತದೆ ನೋಡಿ. 49 ಡಿಗ್ರಿಯ ನೀರಿನಲ್ಲಿ ಐದು ಹತ್ತು ನಿಮಿಷ ಇದ್ದರೆ ಆರೋಗ್ಯವಂತರ ಚರ್ಮವೂ ಆಳವಾಗಿ ಸುಡುತ್ತದೆ. 60 ಡಿಗ್ರಿಗೆ ಕೆಲವೇ ಸೆಕೆಂಡು ಸಾಕು. ಗೀಸರ್ ಆಗಲಿ, ಬೇಸಿಗೆಯ ಮಧ್ಯಾಹ್ನ ಮಾಳಿಗೆಯ ಮೇಲಿನ ಸೋಲಾರ್ ತೊಟ್ಟಿಯಾಗಲಿ 60 ಡಿಗ್ರಿಯ ನೀರನ್ನು ಸಲೀಸಾಗಿ ಕೊಡುತ್ತವೆ. ಹಂಡೆಯ ನೀರಿಗಂತೂ ಮಿತಿಯೇ ಇಲ್ಲ.

ಮನೆಯಲ್ಲಿ ಮಾಡಬಹುದಾದದ್ದು ಸರಳವಾಗಿದೆ. ಬಕೆಟ್ಟಿಗೆ ಮೊದಲು ತಣ್ಣೀರು ಬಿಟ್ಟು ಆಮೇಲೆ ಬಿಸಿನೀರು ಬೆರೆಸಬೇಕು. ಕಾಯಿಲ್ ಹಾಕಿ ಕಾಯಿಸುವವರು ಅದನ್ನು ಆರಿಸಿ, ಪ್ಲಗ್ ಕಿತ್ತು, ನೀರನ್ನು ಕಲಕಬೇಕು. ಮೇಲಿನ ನೀರು ಬೆಂದಿದ್ದು ಕೆಳಗಿನದು ತಣ್ಣಗಿರುತ್ತದೆ. ನೀರನ್ನು ಪರೀಕ್ಷಿಸುವ ಕೆಲಸ ರೋಗಿಯ ಪಾದದ್ದಲ್ಲ, ಮನೆಯ ಇನ್ನೊಬ್ಬರ ಮೊಣಕೈಯದು. ಸಕ್ಕರೆ ಕಾಯಿಲೆ ಹಳೆಯದಾದಂತೆ ಕೈಬೆರಳೂ ಮರಗಟ್ಟುವುದರಿಂದ ರೋಗಿಯ ಕೈಯನ್ನೂ ನಂಬುವಂತಿಲ್ಲ. ಒಬ್ಬರೇ ಇರುವವರು ನೀರಿನ ಥರ್ಮಾಮೀಟರ್ ಕೊಳ್ಳುವುದು ಮೇಲು, ಅದಕ್ಕೆ ಹೆಚ್ಚು ಖರ್ಚಿಲ್ಲ. ಜ್ವರ ನೋಡುವ ಥರ್ಮಾಮೀಟರನ್ನು ಬಿಸಿನೀರಿಗೆ ಅದ್ದಬಾರದು. ಅದು 42 ಡಿಗ್ರಿಯವರೆಗೆ ಅಳೆಯಲೆಂದು ಮಾಡಿದ್ದು, ಗಾಜಿನದಾದರೆ ಒಡೆಯುತ್ತದೆ. ಪಾದದ ಸ್ಪರ್ಶ ಸರಿಯಿದೆ ಎಂದು ಪರೀಕ್ಷೆಯಿಂದ ಖಚಿತವಾದವರು ಮಲಗುವುದಕ್ಕೆ ಒಂದೆರಡು ಗಂಟೆ ಮೊದಲು ಬೆಚ್ಚನೆಯ ನೀರಿನಲ್ಲಿ ಸ್ನಾನ ಮಾಡಿದರೆ ಕೈಕಾಲುಗಳ ರಕ್ತನಾಳ ಹಿಗ್ಗಿ, ಮೈಯೊಳಗಿನ ಶಾಖ ಮೆಲ್ಲನೆ ಇಳಿದು, ನಿದ್ದೆ ಬೇಗ ಹತ್ತುತ್ತದೆ. ನರನೋವಿನವರಿಗೆ ಒಂದು ರಾತ್ರಿಯ ನಿದ್ದೆ ಎಷ್ಟು ದೊಡ್ಡದೆಂಬುದು ಅದನ್ನು ಕಳೆದುಕೊಂಡವರಿಗೆ ಗೊತ್ತು.

ಕೆಲವರು ಈ ಚಿಕಿತ್ಸೆಯಿಂದ ದೂರವಿರಬೇಕು, ಇಲ್ಲವೇ ವೈದ್ಯರನ್ನು ಕೇಳಿಯೇ ಇಳಿಯಬೇಕು. ಕುತ್ತಿಗೆಯವರೆಗೆ ನೀರಿನಲ್ಲಿ ಮುಳುಗಿದಾಗ ಕಾಲು ಮತ್ತು ಹೊಟ್ಟೆಯ ಭಾಗದಿಂದ ಸುಮಾರು 700 ಮಿಲಿಲೀಟರ್ ರಕ್ತ ಎದೆಯ ಕಡೆಗೆ ಸರಿಯುತ್ತದೆ. ದುರ್ಬಲ ಹೃದಯಕ್ಕೆ ಅದು ಹೊರೆ. ಪಾದದಲ್ಲಿ ಹುಣ್ಣು, ಮೈಯಲ್ಲಿ ಜ್ವರ ಅಥವಾ ಚರ್ಮದ ಸೋಂಕು ಇದ್ದಾಗ, ಸರ್ಪಸುತ್ತಿನ ಗುಳ್ಳೆ ಇನ್ನೂ ಹಸಿಯಾಗಿದ್ದಾಗ ಕೊಳಕ್ಕೆ ಇಳಿಯುವಂತಿಲ್ಲ. ಇನ್ಸುಲಿನ್ ಚುಚ್ಚಿಕೊಂಡ ಬೆನ್ನಿಗೇ ಬಿಸಿನೀರಿನ ಸ್ನಾನ ಮಾಡಿದರೆ ಔಷಧ ಬೇಗ ರಕ್ತಕ್ಕೆ ಸೇರಿ ಸಕ್ಕರೆ ಥಟ್ಟನೆ ಕುಸಿಯಬಹುದು, ಇದನ್ನು ಎಷ್ಟೋ ರೋಗಿಗಳಿಗೆ ಯಾರೂ ಹೇಳಿಯೇ ಇರುವುದಿಲ್ಲ. ಸಕ್ಕರೆ ಕಾಯಿಲೆ ರಕ್ತದೊತ್ತಡವನ್ನು ಕಾಯುವ ನರಗಳನ್ನೂ ಕೆಡಿಸಿರುವವರಿಗೆ ನೀರಿನಿಂದ ಎದ್ದೊಡನೆ ಕಣ್ಣು ಕತ್ತಲಾಗುತ್ತದೆ. ಅವರು ಮೆಟ್ಟಿಲ ಮೇಲೆ ಕೂತು, ಕಾಲಾಡಿಸಿ, ನೀರು ಕುಡಿದು ನಿಧಾನವಾಗಿ ಏಳಬೇಕು. ಮಿದುಳು, ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗುವ ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರದು ಬೇರೆಯೇ ಸಂಗತಿ. ಮೈ ಬಿಸಿಯಾದರೆ ಅವರ ದೃಷ್ಟಿ, ನಡಿಗೆ ತಾತ್ಕಾಲಿಕವಾಗಿ ಕೆಡುತ್ತದೆ. ಮೈ ದಣಿದಾಗ ಅವರ ದೃಷ್ಟಿ ಮಂಜಾಗುವುದನ್ನು ಜರ್ಮನಿಯ ವೈದ್ಯ ವಿಲ್‌ಹೆಲ್ಮ್ ಊಟ್‌ಹಾಫ್ 1890ರಲ್ಲಿಯೇ ಗುರುತಿಸಿದ್ದರು, ಇಂಥ ರೋಗಿಗಳಿಗೆ ನೀರು 29 ಡಿಗ್ರಿಗಿಂತ ತಣ್ಣಗಿರುವುದೇ ಹಿತ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಕೆಟ್ಟ ನರವನ್ನು ನೀರು ಸರಿಪಡಿಸುವುದಿಲ್ಲ. ನರನೋವಿಗೆ ಜಲಚಿಕಿತ್ಸೆಯ ಬಗ್ಗೆ ನಡೆದ ಅಧ್ಯಯನಗಳಲ್ಲಿ ಹೆಚ್ಚಿನವು ಕೆಲವೇ ರೋಗಿಗಳನ್ನಿಟ್ಟುಕೊಂಡು ನಡೆದ ಸಣ್ಣ ಅಧ್ಯಯನಗಳು. ನೋವು ತಗ್ಗುತ್ತದೆ, ನಡಿಗೆ ಸುಧಾರಿಸುತ್ತದೆ ಎಂಬ ಭರವಸೆಯ ಸೂಚನೆಗಳು ಅವುಗಳಲ್ಲಿ ಇವೆ, ಗುಣವಾಗುತ್ತದೆ ಎಂಬ ಆಧಾರ ಇಲ್ಲ. ನರ ಕೆಡಲು ಕಾರಣ ಏನೆಂದು ಮೊದಲು ತಿಳಿಯಬೇಕು. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ನುಂಗಿದವರಲ್ಲಿ, ಹಾಲು ಮೊಸರನ್ನೂ ಹೆಚ್ಚಾಗಿ ತಿನ್ನದ ಸಸ್ಯಾಹಾರಿಗಳಲ್ಲಿ ಬಿ-12 ಕೊರತೆಯಿಂದಲೂ ಕೈಕಾಲು ಜುಮ್ಮೆನ್ನುತ್ತವೆ, ಒಂದು ರಕ್ತಪರೀಕ್ಷೆಯಲ್ಲಿ ಅದು ತಿಳಿಯುತ್ತದೆ, ಬೇಗ ತಿಳಿದರೆ ಚಿಕಿತ್ಸೆಯಿಂದ ಸುಧಾರಿಸುತ್ತದೆ. ಅದನ್ನು ನೋಡದೆ ತಿಂಗಳುಗಟ್ಟಲೆ ಕಾಲನ್ನು ಬಿಸಿನೀರಿಗೆ ಇಟ್ಟು ಕೂತರೆ ಕಳೆದುಕೊಂಡ ಕಾಲ ಮರಳಿ ಬರುವುದಿಲ್ಲ.

ಇನ್ನು ಕೊಳದ ವಿಷಯ. ನಮ್ಮ ರಾಜ್ಯ ಪ್ರಕೃತಿ ಚಿಕಿತ್ಸೆಯಲ್ಲಿ ಹೆಸರು ಮಾಡಿದ ರಾಜ್ಯ. ಉಜಿರೆಯಲ್ಲಿ ಪ್ರಕೃತಿ ಚಿಕಿತ್ಸಾ ಕಾಲೇಜಿದೆ, ಮೈಸೂರಿನಲ್ಲಿ ಸರ್ಕಾರಿ ಕಾಲೇಜೂ ಆಸ್ಪತ್ರೆಯೂ ಇವೆ, ಬೆಂಗಳೂರಿನ ಸುತ್ತ ಖಾಸಗಿ ಕೇಂದ್ರಗಳು ಹಲವಿವೆ. ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿ ನೆಲದಿಂದಲೇ ಬಿಸಿನೀರು ಚಿಮ್ಮುವ ಬೆಂದ್ರ್ ತೀರ್ಥವಿದೆ. ಆದರೆ ವಾರಕ್ಕೆ ಎರಡು ಮೂರು ಸಲದಂತೆ ಎರಡು ಮೂರು ತಿಂಗಳು ನಡೆಯಬೇಕಾದ ಚಿಕಿತ್ಸೆಗೆ ರಾಯಚೂರಿನ ಹಮಾಲಿ ಕಾರ್ಮಿಕನೋ ಚಾಮರಾಜನಗರದ ಅಂಗನವಾಡಿ ಕಾರ್ಯಕರ್ತೆಯೋ ಅಷ್ಟು ದೂರ ಹೋಗಿ, ಅಲ್ಲಿ ಉಳಿದು, ಶುಲ್ಕ ಕೊಟ್ಟು ಬರುವುದು ಆಗದ ಮಾತು. ಬಸ್ಸಿನಲ್ಲಿ ಬಂದು ಅದೇ ದಿನ ಮನೆಗೆ ಮರಳುವಷ್ಟು ಹತ್ತಿರದಲ್ಲಿ, ಅಂದರೆ ಜಿಲ್ಲಾಸ್ಪತ್ರೆಯಲ್ಲಿ, ಈ ಸೌಕರ್ಯ ಇರಬೇಕು. ಅಮೆರಿಕದ ಫ್ರಾಂಕ್ಲಿನ್ ರೂಸ್‌ವೆಲ್ಟ್ 1921ರಲ್ಲಿ ಪೋಲಿಯೊ ಎಂದು ಗುರುತಿಸಲಾದ ಕಾಯಿಲೆಯಿಂದ ಕಾಲಿನ ಬಲ ಕಳೆದುಕೊಂಡು, 1924ರಲ್ಲಿ ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್‌ನ ಸುಮಾರು 31 ಡಿಗ್ರಿಯ ಸಹಜ ಬೆಚ್ಚನೆಯ ನೀರಿಗೆ ಇಳಿದರು. ಅವರಿಗೆ ಕಾಲು ಮರಳಿ ಬರಲಿಲ್ಲ. ಆದರೆ ನೀರಿನಲ್ಲಿ ತಾವು ಪಡೆದ ಚಲನೆ ಬೇರೆಯವರಿಗೂ ಸಿಗಲೆಂದು ಅವರು 1926ರಲ್ಲಿ ಆ ಜಾಗವನ್ನು ಕೊಂಡು, ಮರುವರ್ಷ ಪ್ರತಿಷ್ಠಾನ ಸ್ಥಾಪಿಸಿ ಅದನ್ನು ಪುನಶ್ಚೇತನ ಕೇಂದ್ರವಾಗಿಸಿದರು. ಪೋಲಿಯೊ ನರನೋವಿನ ಕಾಯಿಲೆಯಲ್ಲ ನಿಜ. ಆದರೂ ವೈದ್ಯರ ಮೇಲ್ವಿಚಾರಣೆಯಲ್ಲಿ ಬೆಚ್ಚನೆಯ ನೀರಿನ ವ್ಯಾಯಾಮ ಎಂಬ ಪದ್ಧತಿ ಬೆಳೆದದ್ದರಲ್ಲಿ ಆ ಕೊಳಕ್ಕೆ ದೊಡ್ಡ ಪಾಲಿದೆ.

ಕೊಳ ಎಂದೊಡನೆ ಈಜುಕೊಳದಷ್ಟು ಖರ್ಚು, ನೀರಿನ ಪೋಲು ಎಂದು ಅಧಿಕಾರಿಗಳು ಹಿಂಜರಿಯುತ್ತಾರೆ. ಆರು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, 1.2 ಮೀಟರ್ ಆಳದ ಕೊಳ ಒಂದು ತಂಡಕ್ಕೆ ಧಾರಾಳ ಸಾಕು. ಅದರಲ್ಲಿ ಹಿಡಿಯುವ ನೀರು 29 ಸಾವಿರ ಲೀಟರಿನಷ್ಟು. ಅದನ್ನು ದಿನಾ ಚೆಲ್ಲುವುದಿಲ್ಲ, ಸೋಸಿ, ಕ್ಲೋರಿನ್ ಹಾಕಿ, ಪರೀಕ್ಷಿಸಿ ಮತ್ತೆ ಮತ್ತೆ ಬಳಸುತ್ತಾರೆ. 33–36 ಡಿಗ್ರಿಯ ನೀರು ಬೇಕಾಗಿರುವುದರಿಂದ ವರ್ಷದ ಬಹುಕಾಲ ಬಿಸಿಲಿರುವ ನಮ್ಮ ಬಯಲುಸೀಮೆಯ ಜಿಲ್ಲೆಗಳಲ್ಲಿ ಸೋಲಾರ್ ಫಲಕಗಳೇ ಹೆಚ್ಚಿನ ಪಾಲು ಶಾಖವನ್ನು ಕೊಡಬಲ್ಲವು, ರಾತ್ರಿ ಮೇಲೆ ಮುಚ್ಚಿಗೆ ಹಾಕಿದರೆ ಶಾಖ ಉಳಿಯುತ್ತದೆ. ಖರ್ಚು ಬೀಳುವುದು ಬೇರೆ ಕಡೆ: ಗಾಲಿಕುರ್ಚಿ ಇಳಿಯುವ ಇಳಿಜಾರು, ಎರಡೂ ಬದಿಗೆ ಕಂಬಿ, ಜಾರದ ನೆಲ, ಸೋಸುವ ಯಂತ್ರ, ಮತ್ತು ಇವೆಲ್ಲವುಗಳಿಗಿಂತ ಮುಖ್ಯವಾಗಿ ನೀರಿನೊಳಗೆ ರೋಗಿಯ ಜೊತೆ ನಿಲ್ಲುವ ತರಬೇತಾದ ಫಿಸಿಯೋಥೆರಪಿಸ್ಟ್. ಕಟ್ಟಡ ಕಟ್ಟಿ ಹುದ್ದೆ ತುಂಬದಿದ್ದರೆ ಕೊಳ ಪಾಚಿಗಟ್ಟುತ್ತದೆ, ಹಾಗೆ ಆಗಬಾರದು.

ಹೆಂಗಸರ ವಿಷಯವನ್ನು ಯೋಜನೆ ಬರೆಯುವವರು ಮೊದಲ ದಿನವೇ ಯೋಚಿಸಬೇಕು. ನಮ್ಮಲ್ಲಿ ನರನೋವಿನ ತಾಯಂದಿರು ಈಜುಡುಗೆ ತೊಟ್ಟು ಗಂಡಸರ ಎದುರು ನೀರಿಗೆ ಇಳಿಯುವುದಿಲ್ಲ, ಇಳಿಯಲಿ ಎಂದು ನಿರೀಕ್ಷಿಸುವುದೂ ಸರಿಯಲ್ಲ. ಉದ್ದನೆಯ ಸೀರೆಯಾದರೆ ನೀರಿನಲ್ಲಿ ಕಾಲಿಗೆ ತೊಡರಿ ಅಪಾಯ. ಅವರಿಗೆ ಬೇರೆ ಸಮಯ, ಆಸ್ಪತ್ರೆಯಿಂದಲೇ ಕೊಡುವ ಮಂಡಿಯ ಕೆಳಗೆ ಬರುವ ಹತ್ತಿಯ ಉಡುಪು, ಬೀಗವಿರುವ ಬಟ್ಟೆ ಬದಲಿಸುವ ಕೋಣೆ, ಮಹಿಳಾ ಸಿಬ್ಬಂದಿ, ಇವಿಷ್ಟು ಇಲ್ಲದಿದ್ದರೆ ಅರ್ಧದಷ್ಟು ರೋಗಿಗಳಿಗೆ ಕೊಳದ ಬಾಗಿಲು ಮುಚ್ಚಿದಂತೆಯೇ.

ಕೊಳ ಕಟ್ಟುವವರೆಗೆ ಕಾಯದೆ ನಾಳೆಯೇ ಮಾಡಬಹುದಾದ ಕೆಲಸವೂ ಇದೆ. ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳ ಎನ್‌ಸಿಡಿ (ಸಾಂಕ್ರಾಮಿಕವಲ್ಲದ ಕಾಯಿಲೆಗಳ) ಕ್ಲಿನಿಕ್‌ಗಳಲ್ಲಿ ಸಕ್ಕರೆ ಕಾಯಿಲೆಯವರ ರಕ್ತ ನೋಡುವಂತೆಯೇ ವರ್ಷಕ್ಕೊಮ್ಮೆಯಾದರೂ ಚಪ್ಪಲಿ ಬಿಚ್ಚಿಸಿ ನೈಲಾನ್ ಎಳೆಯಿಂದ ಪಾದ ಪರೀಕ್ಷಿಸಲಿ. ಕೆಲವೇ ನಿಮಿಷದ ಕೆಲಸ ಅದು. ಎಳೆ ತಿಳಿಯದವರ ಚೀಟಿಯ ಮೇಲೆ ‘ಪಾದದ ಸ್ಪರ್ಶ ಇಲ್ಲ, ನೀರು 37 ಡಿಗ್ರಿ ಮೀರಬಾರದು, ಮನೆಯವರು ಮೊಣಕೈಯಿಂದ ನೋಡಿ ಕೊಡಬೇಕು’ ಎಂದು ಕನ್ನಡದಲ್ಲಿ ಬರೆಯಲಿ, ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರು ಆ ಚೀಟಿಯನ್ನು ಓದಿ ಬಚ್ಚಲಿನ ಏರ್ಪಾಟನ್ನೊಮ್ಮೆ ನೋಡಿ ಬರಲಿ. ತಮ್ಮ ಪತ್ರಿಕೆಯೂ ಸೇರಿದಂತೆ ಎಲ್ಲ ಪತ್ರಿಕೆಗಳು ಬಿಸಿನೀರಿನ ಚಿಕಿತ್ಸೆಯ ಬಗ್ಗೆ ಲೇಖನ ಪ್ರಕಟಿಸುವಾಗ ಡಿಗ್ರಿ, ನಿಮಿಷ ಮತ್ತು ಯಾರಿಗೆ ಬೇಡ ಎಂಬ ವಿವರ ಇಲ್ಲದ ಬರಹವನ್ನು ಲೇಖಕರಿಗೆ ಹಿಂದಿರುಗಿಸಿ ತುಂಬಿಸಿಕೊಳ್ಳಬೇಕೆಂದು ವಿನಂತಿಸುತ್ತೇನೆ. ಆರೋಗ್ಯ ಇಲಾಖೆ ಮುಂದಿನ ಬಜೆಟ್ಟಿನಲ್ಲಿ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಒಮ್ಮೆಲೇ ಆಗದಿದ್ದರೆ ಕಂದಾಯ ವಿಭಾಗಕ್ಕೊಂದರಂತೆ ನಾಲ್ಕು ಜಿಲ್ಲಾಸ್ಪತ್ರೆಗಳನ್ನು ಆಯ್ದು, ಹುದ್ದೆಗಳ ಮಂಜೂರಾತಿಯ ಜೊತೆಗೇ ಈ ಕೊಳಗಳಿಗೆ ಹಣ ತೆಗೆದಿಡಲಿ. ಮೊದಲ ಕೊಳ ಕಲ್ಯಾಣ ಕರ್ನಾಟಕದಲ್ಲಿ ಆಗಲಿ ಎಂಬುದು ನನ್ನ ಕೋರಿಕೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಫಿಸಿಯೋಥೆರಪಿಸ್ಟ್,
ಹಾಸನ